ಸಾರಿಸಿದ ನೆಲ

ಸಗಣಿ ಸಾರಿಸುವವರು ಒಳಗೋಡೆಯಿಂದ ಶುರುಮಾಡಿ ಹಿಂದಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರುತ್ತಾರೆ. ಹಸಿನೆಲದ ಮೇಲೆ ತಮ್ಮ ಹೆಜ್ಜೆಯೂ ಬೀಳಬಾರದಲ್ಲ! ಬಗ್ಗಡದಲ್ಲಿ ಅದ್ದಿದ ಅಂಗೈ ಒಂದು ಅರ್ಧಚಂದ್ರ ಬರೆಯುತ್ತದೆ, ಅದರ ಅಂಚಿಗೆ ತಾಗಿಸಿ ಇನ್ನೊಂದು. ಒಣಗಿದ ಮೇಲೆ ನೆಲದ ತುಂಬ ಬೆರಳಿನ ಗೆರೆಗಳು. ಸಂಜೆಯೊಳಗೆ ಮಕ್ಕಳೂ ಕೋಳಿಗಳೂ ತುಳಿದು ಅದನ್ನು ಅಳಿಸಿರುತ್ತವೆ. ಅಯ್ಯೋ ಹಾಳಾಯಿತಲ್ಲ ಎಂದರೆ ಅಜ್ಜಿಯಂದಿರದು ಒಂದೇ ಮಾತು: ‘ನೆಲ ಇರದೇ ತುಳಿಯಕ್ಕೆ ಕನ ಮಗ. ಮತ್ತೆ ಸಾರ್ಸದು.’

ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಹೂಗ್ಯಂನಲ್ಲಿ 1950ರಲ್ಲಿ ಹುಟ್ಟಿದ ಅಜ್ಜಿಯೊಬ್ಬಳನ್ನು ನೆನೆಸಿಕೊಳ್ಳಿ. ಹುಟ್ಟಿದಾಗ ಅವಳ ಊರು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಆ ಊರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. 1997ರಲ್ಲಿ ಮೈಸೂರು ಜಿಲ್ಲೆ ಹೋಗಿ ಚಾಮರಾಜನಗರ ಜಿಲ್ಲೆ ಬಂತು. ಆಮೇಲೆ ಕೊಳ್ಳೇಗಾಲವೂ ಹೋಗಿ ಹನೂರು ತಾಲ್ಲೂಕಾಯಿತು. ಅಜ್ಜಿ ಹೊಸ್ತಿಲು ಬಿಟ್ಟು ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಲೇ ಹೋಯಿತು. ಮೊಹರು ಒತ್ತಿದ ಕಾಗದ ನಿಲ್ಲಲಿಲ್ಲ. ಸಂಜೆಯ ತನಕವೂ ನಿಲ್ಲದ ಸಾರಣೆ ತಲೆಮಾರುಗಳ ಕಾಲ ನಿಂತಿತು. ಅದು ಗಟ್ಟಿ ಎಂದಲ್ಲ, ಅಳಿಸಿದಷ್ಟು ಸಲವೂ ಯಾರೋ ಒಬ್ಬರು ಬಗ್ಗಿ ಮತ್ತೆ ಸಾರಿಸಿದರು ಎಂದು.

ಈಗ ಆ ನೆಲವೂ ಹೋಗಿದೆ. ಮೊದಲು ಸಿಮೆಂಟು ಬಂತು, ಆಮೇಲೆ ಟೈಲ್ಸು. ಬೇಸರಪಡುವ ನಮ್ಮಂಥವರು ಹೆಚ್ಚಾಗಿ ಸಾರಿಸಿದವರಲ್ಲ, ಸಾರಿಸಿದ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು. ಬಗ್ಗಿದ ಸೊಂಟವನ್ನು ಕೇಳಿದರೆ ಬೇರೆಯೇ ಉತ್ತರ ಸಿಕ್ಕೀತು. ಅಳಿಯುವುದೆಲ್ಲ ನಷ್ಟವಲ್ಲ, ಕೆಲವು ಬಿಡುಗಡೆಯೂ ಹೌದು.

ಟೈಲ್ಸಿನ ಮನೆಯಲ್ಲೂ ಒಂದು ಕೆಲಸ ಮಾತ್ರ ತಪ್ಪಿಲ್ಲ. ಮಹಾಲಯ ಅಮಾವಾಸ್ಯೆಗೆ ಬೆಟ್ಟದಲ್ಲಿ ಮಾದಪ್ಪನಿಗೆ ಎಣ್ಣೆಮಜ್ಜನ. ಸುತ್ತಲ ಸೀಮೆಯಲ್ಲಿ ಪಿತೃಪಕ್ಷದ ಎಡೆ. ಬಾಳೆಲೆ ಹಾಸಿ, ಹೊಸ ಪಂಚೆ ಸೀರೆ ಮಡಿಸಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಎಲೆ ಅಡಿಕೆ, ಸೇದುತ್ತಿದ್ದವರಿಗೆ ಬೀಡಿ ಕಟ್ಟು ಕೂಡ. ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ. ಒಳಗೆ ಅವರು ಉಣ್ಣುತ್ತಿರುತ್ತಾರೆ. ಮೊಬೈಲು ನೋಡುತ್ತಿದ್ದ ಹುಡುಗರೂ ಆ ಐದು ನಿಮಿಷ ದನಿ ತಗ್ಗಿಸುತ್ತಾರೆ.

ಎಡೆ ಯಾರಿಗೆ ಎಂದು ಕೇಳಿ ನೋಡಿ. ಅಪ್ಪನ ಹೆಸರು, ತಾತನ ಹೆಸರು ಸಲೀಸಾಗಿ ಬರುತ್ತವೆ. ಮುತ್ತಾತನ ಹೆಸರಿಗೆ ಮನೆಯ ಹಿರಿಯರ ಮುಖ ನೋಡಬೇಕು. ಅದರಾಚೆ ಹೆಸರಿಲ್ಲ, ‘ಹಿರಿಯರು’ ಅಷ್ಟೆ. ಹೊಲ ಹಸನು ಮಾಡಿದವರು, ಆನೆಯ ಕಾಟಕ್ಕೆ ಅಟ್ಟಣೆಯ ಮೇಲೆ ರಾತ್ರಿ ಕಳೆದು ರಾಗಿ ಕಾದವರು ಎಲ್ಲರೂ ಆ ಒಂದು ಮಾತಿನೊಳಗೆ ಸೇರಿಹೋಗಿದ್ದಾರೆ. ಮನೆಯೊಂದರ ನೆನಪಿನ ಉದ್ದ ಮೂರು ತಲೆಮಾರು. ಆದರೂ ಹೆಸರು ಮರೆತವರಿಗೆ ಅನ್ನ ತಪ್ಪಿಲ್ಲ.

ಪಟ್ಟಿ ಹಾಕಿ, ಫೋಟೊಗೆ ಕಟ್ಟು ಹಾಕಿಸಿ ನಾವು ಹೆಸರನ್ನು ಉಳಿಸಿಕೊಳ್ಳಲು ನೋಡುತ್ತೇವೆ. ಉಳಿಸಿಕೊಳ್ಳೋಣ, ತಪ್ಪೇನಿಲ್ಲ. ಮುಂದೊಂದು ದಿನ ನಾವೂ ಆ ಹೆಸರಿಲ್ಲದ ಹಿರಿಯರ ಸಾಲಿಗೆ ಸೇರುವವರೇ. ಅಲ್ಲಿಯವರೆಗೆ ಎಲೆ ಹಾಸುವ ಸರದಿ ನಮ್ಮದು.