ಕಗ್ಗಕ್ಕೆ ಕಟ್ಟೆ ಬೇಕು

ಕಗ್ಗ ಎಂದರೆ ಇಲ್ಲಿ ಡಿ.ವಿ.ಜಿ.ಯವರದ್ದಲ್ಲ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ ಉಬ್ಬರದ ಉಪ್ಪುನೀರು ಬರುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಭತ್ತ. ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ ಅದು ಉಪ್ಪಿನಂಶವನ್ನೂ ತಾಳಿಕೊಂಡು, ಮಳೆಗಾಲದ ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಕೊಳೆಯುವ ಕೂಳೆ ಸಿಗಡಿ, ಮೀನುಗಳಿಗೆ ಮೇವು. ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಸಾರ.

ಇಂಥ ತಳಿ ಉಳಿಸಬೇಕು ಎಂದೊಡನೆ ನಮಗೆ ನೆನಪಾಗುವುದು ಬೀಜ ಬ್ಯಾಂಕು. ಹಿಡಿ ಬೀಜವನ್ನು ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿದರೆ ಕೆಲಸ ಮುಗಿದಂತೆ ಅನ್ನಿಸುತ್ತದೆ. ಆದರೆ ಬಿತ್ತದೆ ಇಟ್ಟ ಬೀಜದ ಮೊಳಕೆ ವರ್ಷದಿಂದ ವರ್ಷಕ್ಕೆ ಕುಂದುತ್ತದೆ. ಬಿತ್ತೋಣವೆಂದರೆ ಮಳೆನೀರು ಗದ್ದೆಯ ಉಪ್ಪನ್ನು ತೊಳೆಯಬೇಕು, ಉಬ್ಬರವನ್ನು ಕಟ್ಟೆ ತಡೆಯಬೇಕು. ಆ ಕಟ್ಟೆ ಯಾರೊಬ್ಬರದ್ದೂ ಅಲ್ಲ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಸಮುದ್ರ ಬರುತ್ತದೆ. ಸಿಗಡಿಯ ಲಾಭಕ್ಕೆಂದು ಕೆಲವರು ಉಪ್ಪುನೀರು ನಿಲ್ಲಿಸಿಕೊಂಡರೆ ಪಕ್ಕದವನು ಬಿತ್ತಲಾರ. ಹಟಹಿಡಿದು ಒಬ್ಬನೇ ಬಿತ್ತಿದನೋ, ಹೊಳೆಯ ಹಕ್ಕಿಗಳೆಲ್ಲ ಅವನ ಗದ್ದೆಗೇ ಇಳಿಯುತ್ತವೆ. ಊರೆಲ್ಲ ಬೆಳೆದರೆ ಹಕ್ಕಿಯ ಪಾಲು ಎಲ್ಲರಿಗೂ ಹಂಚಿಹೋಗುತ್ತದೆ. ಒಬ್ಬನೇ ಬೆಳೆದರೆ ಫಸಲೇ ಹಕ್ಕಿಯದು.

ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಕಾಯ್ದೆ ರೈತನಿಗೆ ಕೊಟ್ಟಿದೆ. ಒಳ್ಳೆಯ ಕಾಯ್ದೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು, ಅದೂ ಸಂತೋಷವೇ. ಆದರೆ ಹಕ್ಕಾಗಲಿ ಬಿರುದಾಗಲಿ ಒಡೆದ ಕಟ್ಟೆಗೆ ಮಣ್ಣು ಹಾಕುವುದಿಲ್ಲ.

ನಾವು ತಳಿ ಉಳಿಸಿದ ರೈತನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅವನ ಮಗ ಬೇಸಾಯ ಬಿಟ್ಟು ಬೆಂಗಳೂರಿಗೆ ಹೋದನೆಂದು ಮರುಗುತ್ತೇವೆ, ಅದೂ ಬೆಂಗಳೂರಿನಲ್ಲಿ ಕುಳಿತು! ಹೆಚ್ಚು ಇಳುವರಿಯ ಬೀಜ ತಂದವನನ್ನು ದೂರುವುದೂ ನಮಗೆ ಸುಲಭ. ಸಾಲದ ಕಂತು ನಮ್ಮದಲ್ಲವಲ್ಲ. ಎರಡು ಎಕರೆಯವನಿಗೆ ನಾಡಿನ ಬೀಜ ಸಂಪತ್ತನ್ನೆಲ್ಲ ಕಾಯುವ ಹೊಣೆ ಹೊರಿಸಿ, ಅದರ ಖರ್ಚನ್ನೂ ಅವನ ಮೇಲೆಯೇ ಹಾಕುವುದು ಗೌರವವಲ್ಲ, ಅನ್ಯಾಯ.

ಸರ್ಕಾರ ಮೊದಲು ಕಟ್ಟೆ ಕಟ್ಟಿಸಲಿ; ಬೀಜ ಮೇಳದ ಶಾಮಿಯಾನಾ ಆಮೇಲೆ ಹಾಕಿದರಾದೀತು. ನೀವು ಕರಾವಳಿಯ ಕಡೆ ಹೋದಾಗ ಕಗ್ಗದ ಕೆಂಪಕ್ಕಿ ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ, ಮುಂದಿನ ವರ್ಷಕ್ಕೂ ಬೇಕೆಂದು ಈಗಲೇ ಹೇಳಿಡಿ.