ವಿಚಾರಿಸದೆ ತೀರ್ಪು ಹೇಳಬಾರದು

ಧ್ಯಾನಕ್ಕಾಗಿ ಓದತಕ್ಕ ಭಾಗಗಳು: ಜ್ಞಾನೋಕ್ತಿಗಳು 18:17, ಧರ್ಮೋಪದೇಶಕಾಂಡ 19:15-20.



ವ್ಯಾಜ್ಯವಾಡುವ ಇಬ್ಬರಲ್ಲಿ ಯಾವನು ಮೊದಲು ಬಂದು ತನ್ನ ಸಂಗತಿಯನ್ನು ಹೇಳಿಕೊಳ್ಳುವನೋ ಅವನ ಪಕ್ಷವೇ ನ್ಯಾಯವಾದದ್ದೆಂದು ಕೇಳುವವರಿಗೆ ತೋರುವದು. ಎರಡನೆಯವನು ಎದ್ದು ನಿಂತು ಪ್ರಶ್ನೆಮಾಡಿದ ಮೇಲೆಯೇ ಆ ಮಾತಿನ ನಿಜವಾದ ತೂಕವು ಗೊತ್ತಾಗುವದು. ಜ್ಞಾನೋಕ್ತಿಗಳಲ್ಲಿ ನಮಗೆ ಕಲಿಸಲ್ಪಟ್ಟ ಪಾಠವು ಇದೇ. ಹೊಲದ ಬದುವಿನ ಜಗಳದಲ್ಲಿಯೂ ಬೆಳೆಗೆ ದನ ಬಿಟ್ಟ ದೂರಿನಲ್ಲಿಯೂ ಇದು ಸತ್ಯವೆಂದು ನೀವು ಬಲ್ಲಿರಿ. ಆದರೆ ಒಬ್ಬ ಮನುಷ್ಯನ ಪ್ರಾಣವೇ ತಕ್ಕಡಿಯಲ್ಲಿ ಇಡಲ್ಪಟ್ಟಿರುವಾಗ ಇದನ್ನು ಮರೆತರೆ ಆಗುವದೇನು? ಇದನ್ನು ತಿಳಿಯುವದಕ್ಕೋಸ್ಕರ ಇಂಗ್ಲೆಂಡ್ ದೇಶದಲ್ಲಿ ನಡೆದ ಒಂದು ಕೊಲೆಮೊಕದ್ದಮೆಯ ವೃತ್ತಾಂತವನ್ನು ನಿಮ್ಮ ಮುಂದೆ ಇಡುತ್ತೇನೆ.

ಲಂಡನ್ ಪಟ್ಟಣದ ರಿಲ್ಲಿಂಗ್ಟನ್ ಪ್ಲೇಸ್ ಎಂಬ ಬಡವರ ಬೀದಿಯಲ್ಲಿ 10ನೇ ನಂಬರಿನ ಮನೆಯ ಮೇಲಂತಸ್ತಿನಲ್ಲಿ ತಿಮೊಥಿ ಎವಾನ್ಸ್ ಎಂಬ ಯೌವನಸ್ಥನು ತನ್ನ ಹೆಂಡತಿಯಾದ ಬೆರಿಲ್ ಎಂಬವಳ ಸಂಗಡ ಬಾಡಿಗೆಗೆ ಇದ್ದನು. 1948ನೇ ಇಸವಿಯಲ್ಲಿ ಅವರಿಗೆ ಜೆರಾಲ್ಡೀನ್ ಎಂಬ ಹೆಣ್ಣುಕೂಸು ಹುಟ್ಟಿತು. ಎವಾನ್ಸನು ವೇಲ್ಸ್ ಸೀಮೆಯವನು. ಬಾಲ್ಯದಲ್ಲಿ ಕಾಲಿನ ರೋಗದ ದೆಸೆಯಿಂದ ಶಾಲೆ ಬಹಳ ತಪ್ಪಿಹೋದದ್ದರಿಂದ ಅವನಿಗೆ ಓದುಬರಹವು ಸರಿಯಾಗಿ ಬರುತ್ತಿರಲಿಲ್ಲ. ಅವನು ಮೋಟಾರು ವ್ಯಾನನ್ನು ನಡಿಸಿ ಜೀವನಮಾಡುತ್ತಿದ್ದನು. ಸಾಲವೂ ಗಂಡಹೆಂಡರ ಜಗಳವೂ ಆ ಮನೆಯಲ್ಲಿ ಇದ್ದವು. ಇಲ್ಲದ ಕಥೆಗಳನ್ನು ಕಟ್ಟಿ ಹೇಳುವ ಚಾಳಿಯೂ ಅವನಿಗಿತ್ತು. ಕೆಳಗಿನ ಅಂತಸ್ತಿನಲ್ಲಿ ಜಾನ್ ಕ್ರಿಸ್ಟಿ ಎಂಬ ಐವತ್ತು ವರುಷದವನು ತನ್ನ ಹೆಂಡತಿಯೊಂದಿಗೆ ವಾಸಿಸುತ್ತಿದ್ದನು. ಅವನು ಮೆಲುಮಾತಿನವನು, ಮೊದಲನೇ ಮಹಾಯುದ್ಧದಲ್ಲಿ ಸಿಪಾಯಿಯಾಗಿಯೂ ಎರಡನೇ ಮಹಾಯುದ್ಧದ ಕಾಲದಲ್ಲಿ ಪೋಲೀಸಿನವನಾಗಿಯೂ ಕೆಲಸಮಾಡಿದವನು.

1949ನೇ ಇಸವಿ ನವಂಬರ್ 30ರಲ್ಲಿ ಎವಾನ್ಸನು ವೇಲ್ಸಿನ ಮೆರ್ಥರ್ ಟಿಡ್ಫಿಲ್ ಎಂಬ ಊರಿನ ಪೋಲೀಸ್ ಠಾಣೆಗೆ ತಾನಾಗಿಯೇ ಹೋಗಿ, ತನ್ನ ಹೆಂಡತಿಯು ಗರ್ಭ ಇಳಿಸುವ ಔಷಧವನ್ನು ಕುಡಿದು ಸತ್ತಳೆಂದೂ ತಾನು ಶವವನ್ನು ಮೋರಿಯೊಳಗೆ ಹಾಕಿದೆನೆಂದೂ ಹೇಳಿದನು. ಲಂಡನಿನ ಪೋಲೀಸರು ಮೋರಿಯನ್ನು ತೆರೆದು ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಆಗ ಅವನು ಮಾತು ತಿರುಗಿಸಿ, ಕೆಳಮನೆಯ ಕ್ರಿಸ್ಟಿಯು ಗರ್ಭ ತೆಗೆಯುವದಾಗಿ ಹೇಳಿದ್ದನೆಂದೂ ಅದರಲ್ಲಿಯೇ ಆಕೆ ಸತ್ತಳೆಂದೂ ಕೂಸನ್ನು ಬೇರೆಯವರಿಗೆ ಸಾಕಲು ಕೊಡುವೆನೆಂದು ಕ್ರಿಸ್ಟಿಯು ಮಾತುಕೊಟ್ಟನೆಂದೂ ತಿಳಿಸಿದನು. ದಶಂಬರ್ 2ರಲ್ಲಿ ಆ ಮನೆಯ ಹಿತ್ತಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ತಾಯಿಯ ಮತ್ತು ಕೂಸಿನ ಶವಗಳು ಸಿಕ್ಕಿದವು. ಇಬ್ಬರ ಕೊರಳನ್ನೂ ಬಿಗಿದು ಕೊಲ್ಲಲಾಗಿತ್ತು. ಆ ರಾತ್ರಿ ಲಂಡನಿನ ಠಾಣೆಯಲ್ಲಿ ಸತ್ತವರ ಬಟ್ಟೆಗಳನ್ನು ಅವನ ಮುಂದೆ ಇಟ್ಟಾಗ, ಎರಡು ಕೊಲೆಗಳನ್ನೂ ತಾನೇ ಮಾಡಿದೆನೆಂದು ಎವಾನ್ಸನು ಒಪ್ಪಿಕೊಂಡನು. ಮುಂದೆ ಆ ಒಪ್ಪಿಗೆಯು ಸುಳ್ಳೆಂದೂ ಕೊಂದವನು ಕ್ರಿಸ್ಟಿಯೇ ಎಂದೂ ಹೇಳಿ, ಸಾಯುವ ತನಕ ಆ ಮಾತನ್ನು ಬಿಡಲಿಲ್ಲ.

1950ನೇ ಇಸವಿ ಜನವರಿ 11ರಲ್ಲಿ ಕೂಸಿನ ಕೊಲೆಯ ವಿಷಯವಾಗಿ ಮಾತ್ರ ವಿಚಾರಣೆಯು ಆರಂಭವಾಯಿತು. ಸರಕಾರದ ಕಡೆಯ ಮುಖ್ಯ ಸಾಕ್ಷಿಯು ಕ್ರಿಸ್ಟಿಯೇ. ಅವನು ಹಿಂದೆ ಕಳ್ಳತನಕ್ಕೂ ಹೊಡೆದಾಟಕ್ಕೂ ಶಿಕ್ಷೆ ಹೊಂದಿದವನೆಂದು ಎವಾನ್ಸನ ವಕೀಲನು ತೋರಿಸಿಕೊಟ್ಟರೂ ಅವನ ಮಾತನ್ನೇ ನಂಬಿದರು. ಪೆಟ್ಟು ಬೀಳುವದೆಂಬ ಹೆದರಿಕೆಯಿಂದ ಒಪ್ಪಿಕೊಂಡೆನೆಂದು ಎವಾನ್ಸನು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಮೂರು ದಿನದಲ್ಲಿ ವಿಚಾರಣೆ ಮುಗಿಯಿತು. ಜೂರಿಯವರು ಸುಮಾರು 40 ನಿಮಿಷ ಆಲೋಚಿಸಿ ದೋಷಿಯೆಂದರು. ಮಾರ್ಚ್ 9ರಲ್ಲಿ ಆ 25 ವರುಷದವನನ್ನು ಗಲ್ಲಿಗೆ ಹಾಕಿದರು.

ಮೂರು ವರುಷಗಳು ಕಳೆದವು. 1953ನೇ ಇಸವಿ ಮಾರ್ಚ್ ತಿಂಗಳಲ್ಲಿ ಕ್ರಿಸ್ಟಿಯು ಮನೆ ಬಿಟ್ಟುಹೋದ ಮೇಲೆ, ಅದೇ ಮನೆಯ ಬಾಡಿಗೆದಾರನೊಬ್ಬನು ಅಡಿಗೆಕೋಣೆಯ ಗೋಡೆಗೆ ಅಂಟಿಸಿದ ಕಾಗದವನ್ನು ಕಿತ್ತಾಗ ಹಿಂದಿನ ಗೂಡಿನಲ್ಲಿ ಮೂರು ಹೆಂಗಸರ ಶವಗಳು ಕಾಣಿಸಿದವು. ನೆಲದ ಹಲಗೆಯ ಕೆಳಗೆ ಕ್ರಿಸ್ಟಿಯ ಹೆಂಡತಿಯ ಶವವು ಇತ್ತು. ಹಿತ್ತಲಲ್ಲಿ ಇನ್ನಿಬ್ಬರು ಹೆಂಗಸರ ಎಲುಬುಗಳಿದ್ದವು. ಅವರನ್ನು ಕ್ರಿಸ್ಟಿಯು 1943ರಲ್ಲಿ ಮತ್ತು 1944ರಲ್ಲಿ ಕೊಂದಿದ್ದನು. ಅಂದರೆ ಅವನು ಸಾಕ್ಷಿಕಟ್ಟೆಯಲ್ಲಿ ನಿಂತು ನೆರೆಯವನಿಗೆ ವಿರೋಧವಾಗಿ ಪ್ರಮಾಣಮಾಡಿದ ದಿನ ಅವನಿಂದ ಹತರಾದ ಇಬ್ಬರು ಅವನ ಹಿತ್ತಲ ಮಣ್ಣಿನಲ್ಲಿಯೇ ಇದ್ದರು. ಅವರಲ್ಲೊಬ್ಬಳ ತೊಡೆಯೆಲುಬನ್ನು ಅವನು ಬೇಲಿಗೆ ಊರೆಯಾಗಿ ಕೊಟ್ಟಿದ್ದನು. 1949ರಲ್ಲಿ ಅಲ್ಲಿ ಹುಡುಕಲು ಬಂದ ಪೋಲೀಸರು ಅದನ್ನು ಗಮನಿಸಲಿಲ್ಲ. ಕ್ರಿಸ್ಟಿಯು ಬೆರಿಲಳನ್ನು ಕೊಂದವನು ತಾನೇ ಎಂದು ಒಪ್ಪಿಕೊಂಡನು. ಕೂಸಿನ ವಿಷಯದಲ್ಲಿ ಇಲ್ಲವೆಂದನು. 1953ನೇ ಇಸವಿ ಜುಲೈ 15ರಲ್ಲಿ ಅವನನ್ನೂ ಗಲ್ಲಿಗೆ ಹಾಕಿದರು.

ಪ್ರಿಯರೇ, ಇಲ್ಲಿ ಚರ್ಚೆಯು ಮುಗಿಯಲಿಲ್ಲ, ಆರಂಭವಾಯಿತು. ಸರಕಾರದವರು ನೇಮಿಸಿದ ಸ್ಕಾಟ್ ಹೆಂಡರ್ಸನ್ ಎಂಬ ವಕೀಲನು ಕೆಲವೇ ದಿನಗಳಲ್ಲಿ ವಿಚಾರಿಸಿ, ಎರಡು ಕೊಲೆಗಳನ್ನೂ ಮಾಡಿದವನು ಎವಾನ್ಸನೇ ಎಂದು ವರದಿ ಒಪ್ಪಿಸಿದನು. ಅನೇಕರಿಗೆ ಅದು ಸಮಾಧಾನ ಕೊಡಲಿಲ್ಲ. ಲುಡೋವಿಕ್ ಕೆನೆಡಿ ಎಂಬ ಬರಹಗಾರನು 1961ರಲ್ಲಿ ಈ ಮೊಕದ್ದಮೆಯ ಬಗ್ಗೆ ಪುಸ್ತಕವನ್ನು ಬರೆದು ಎವಾನ್ಸನು ನಿರಪರಾಧಿಯೆಂದು ವಾದಿಸಿದನು. ಆ ಮೇಲೆ ಬ್ರಾಬಿನ್ ಎಂಬ ನ್ಯಾಯಾಧಿಪತಿಯು ತಿರಿಗಿ ವಿಚಾರಿಸಿ, ಎವಾನ್ಸನು ಕೂಸನ್ನು ಕೊಲ್ಲದೆ ಇದ್ದದ್ದೇ ಹೆಚ್ಚು ಸಂಭವವೆಂದೂ ಹೆಂಡತಿಯನ್ನಾದರೋ ಅವನೇ ಕೊಂದಿರಬಹುದೆಂದೂ 1966ರಲ್ಲಿ ಅಭಿಪ್ರಾಯಪಟ್ಟನು. ಗಲ್ಲಿಗೆ ಹಾಕಿದ್ದು ಕೂಸಿನ ಕೊಲೆಗಾಗಿಯೇ ಆಗಿದ್ದದರಿಂದ ಅದೇ ವರುಷ ಅಕ್ಟೋಬರಿನಲ್ಲಿ ರಾಣಿಯ ಹೆಸರಿನಿಂದ ಅವನಿಗೆ ಕ್ಷಮಾಪಣೆಯು ಪ್ರಕಟವಾಯಿತು. 2004ನೇ ಇಸವಿಯಲ್ಲಿ ಲಂಡನಿನ ಉಚ್ಚ ನ್ಯಾಯಾಲಯದವರು, ಎವಾನ್ಸನು ಇಬ್ಬರಲ್ಲಿ ಯಾರನ್ನೂ ಕೊಲ್ಲಲಿಲ್ಲವೆಂದು ಅಂಗೀಕರಿಸಿದರೂ ಹಳೆಯ ತೀರ್ಪನ್ನು ವಿಧಿಪೂರ್ವಕವಾಗಿ ರದ್ದುಮಾಡುವ ಮಾರ್ಗಕ್ಕೆ ಮೊಕದ್ದಮೆಯನ್ನು ಕಳುಹಿಸಲಿಲ್ಲ.

ಈಗ ನಾವೂ ಸಾಕ್ಷ್ಯವನ್ನು ತೂಗಿ ನೋಡೋಣ. ಎವಾನ್ಸನಿಗೆ ವಿರೋಧವಾಗಿ ಏನಿದೆ? ಅವನ ಬಾಯಿಂದಲೇ ಬಂದ ಒಪ್ಪಿಗೆ, ಒಂದಕ್ಕೊಂದು ಹೊಂದದ ಅವನ ಮಾತುಗಳು, ಮನೆಯೊಳಗಿನ ಜಗಳ. ಇವು ಹಗುರವಾದವುಗಳಲ್ಲ. ಅವನ ಪಕ್ಷದಲ್ಲಿ ಏನಿದೆ? ಒಂದೇ ಚಿಕ್ಕ ಮನೆಯಲ್ಲಿ, ಒಂದೇ ಕಾಲದಲ್ಲಿ, ಕೊರಳು ಬಿಗಿದು ಕೊಲ್ಲುವವರು ಇಬ್ಬರು ಇದ್ದರೆಂದು ನಂಬುವದು ಬಹು ಕಷ್ಟ. ಆ ದಿನಗಳಲ್ಲಿ ಅಲ್ಲಿ ರಿಪೇರಿಮಾಡುತ್ತಿದ್ದ ಕೆಲಸಗಾರರು, ಒಗೆಯುವ ಕೋಣೆಯಲ್ಲಿ ಶವಗಳನ್ನು ಕಾಣಲಿಲ್ಲವೆಂದು ಮೊದಲು ಹೇಳಿದ್ದರು. ಅವರನ್ನು ನ್ಯಾಯಸ್ಥಾನಕ್ಕೆ ಕರೆಯಲೇ ಇಲ್ಲ. ಕ್ರಿಸ್ಟಿಯ ಒಪ್ಪಿಗೆಯೂ ಇದೆಯಲ್ಲಾ ಎನ್ನುವಿರೋ? ಅದನ್ನೂ ಕಣ್ಣುಮುಚ್ಚಿ ನಂಬಲಾಗದು. ತಾನು ಬುದ್ಧಿಭ್ರಮಣೆಯುಳ್ಳವನೆಂದು ವಾದಿಸುತ್ತಿದ್ದವನಿಗೆ ಕೊಲೆಗಳ ಲೆಕ್ಕ ಹೆಚ್ಚಿದಷ್ಟೂ ಅನುಕೂಲವೇ. ಎವಾನ್ಸನ ಒಪ್ಪಿಗೆಯನ್ನು ಪರೀಕ್ಷಿಸಬೇಕೆನ್ನುವವರು ಕ್ರಿಸ್ಟಿಯ ಒಪ್ಪಿಗೆಯನ್ನೂ ಪರೀಕ್ಷಿಸತಕ್ಕದ್ದು. ಒಂದೇ ತಕ್ಕಡಿ, ಒಂದೇ ಕಲ್ಲು. ಹೀಗೆ ತೂಗಿದರೂ ಒಂದು ಮಾತು ನಿಲ್ಲುವದು: ಮುಖ್ಯ ಸಾಕ್ಷಿಯು ಆಗಲೇ ಇಬ್ಬರನ್ನು ಕೊಂದವನೆಂದು ಗೊತ್ತಿದ್ದರೆ ಆ ಜೂರಿಯವರು ಅವನ ಮಾತಿನ ಮೇಲೆ ಒಬ್ಬನ ಪ್ರಾಣವನ್ನು ತೆಗೆಯುತ್ತಿರಲಿಲ್ಲ. ಮನಸ್ಸಿನಲ್ಲಿ ನ್ಯಾಯವಾದ ಸಂದೇಹವು ಉಳಿದರೆ ಅದು ಆರೋಪಿಗೆ ಸೇರಬೇಕಾದದ್ದು.

ಇದರಿಂದ ನಾವು ಕಲಿಯತಕ್ಕ ಮೂರು ಪಾಠಗಳಿವೆ.

ಮೊದಲನೆಯದು: ಒಪ್ಪಿಗೆಯೂ ಸುಳ್ಳಾಗಬಹುದು. 1 ಸಮುವೇಲನ 31ನೇ ಅಧ್ಯಾಯದಲ್ಲಿ ಸೌಲನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತನೆಂದಿದೆ. 2 ಸಮುವೇಲನ 1ನೇ ಅಧ್ಯಾಯದಲ್ಲಾದರೋ ಅಮಾಲೇಕ್ಯನೊಬ್ಬನು ದಾವೀದನ ಬಳಿಗೆ ಬಂದು ಸೌಲನನ್ನು ಕೊಂದವನು ತಾನೇ ಎಂದನು. ಕೈಯಲ್ಲಿ ಅರಸನ ಕಿರೀಟವೂ ಇತ್ತು. ಆ ಒಂದು ಮಾತಿನಿಂದಲೇ ಅವನು ಸತ್ತನು. ಬಹುಮಾನದ ಆಶೆಯಿಂದ ಒಬ್ಬನು ತನಗೆ ವಿರೋಧವಾಗಿ ಸುಳ್ಳುಹೇಳುವದಾದರೆ, ರಾತ್ರಿಯಲ್ಲಿ ಠಾಣೆಯೊಳಗೆ ಹೆದರಿ ಕುಳಿತ ಅಕ್ಷರಜ್ಞಾನವಿಲ್ಲದ ಬಡವನು ಏನು ತಾನೇ ಹೇಳನು? ನಮ್ಮ ದೇಶದ 1872ನೇ ಇಸವಿಯ ಸಾಕ್ಷ್ಯದ ಕಾನೂನು, ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಗೆ ವಿರೋಧವಾಗಿ ರುಜುವಾತು ಮಾಡಕೂಡದೆಂದು ವಿಧಿಸಿತು. 2024ನೇ ಇಸವಿ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದೇ ನಿಯಮವನ್ನು ಇಟ್ಟುಕೊಂಡಿದೆ. ಆದದರಿಂದ ಓದಿಸಿ ಕೇಳದ ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತಬೇಡಿರಿ. ಒತ್ತಿದನೆಂಬ ಕಾರಣದಿಂದಲೇ ನೆರೆಯವನನ್ನು ದೋಷಿಯೆನ್ನಲೂ ಬೇಡಿರಿ.

ಎರಡನೆಯದು: ಕಣ್ಣಿಗೆ ಕಾಣುವ ಗುರುತೂ ಮೋಸಗೊಳಿಸಬಹುದು. ಯೋಸೇಫನ ಅಂಗಿಯಲ್ಲಿದ್ದ ರಕ್ತವು ನಿಜವಾದ ರಕ್ತವೇ; ಆದರೆ ಯಾಕೋಬನು ಅದರಿಂದ ತಿಳಿದುಕೊಂಡದ್ದು ನಿಜವಲ್ಲ. ಪೋಟೀಫರನ ಹೆಂಡತಿಯ ಕೈಯಲ್ಲಿದ್ದ ಬಟ್ಟೆಯು ಯೋಸೇಫನದೇ. ಆದರೆ ಅವಳು ಹೇಳಿದ ಕಥೆಯು ಸುಳ್ಳು. ವಸ್ತುವು ಒಂದನ್ನು ತೋರಿಸುವದು, ಮನುಷ್ಯನ ನಾಲಿಗೆಯು ಅದಕ್ಕೆ ಮತ್ತೊಂದು ಅರ್ಥವನ್ನು ಹೊಲಿಯುವದು. ಎರಡು ಮೂರು ಸಾಕ್ಷಿಗಳಿಲ್ಲದೆ ಯಾವ ಮಾತೂ ಸ್ಥಿರವಾಗಬಾರದೆಂದೂ ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಣೆ ಮಾಡಬೇಕೆಂದೂ ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸುವದು ಇದಕ್ಕೋಸ್ಕರವೇ. ಸಾಕ್ಷಿಗಳ ಲೆಕ್ಕವೂ ಸಾಲದು. ನಾಬೋತನಿಗೆ ವಿರೋಧವಾಗಿ ಇಬ್ಬರು ನಿಂತಿದ್ದರು, ಇಬ್ಬರೂ ಸುಳ್ಳುಗಾರರು. ಆದದರಿಂದಲೇ ಅದೇ ಧರ್ಮಶಾಸ್ತ್ರವು, ಪರನಿಗೆ ಮಾಡಬೇಕೆಂದಿದ್ದ ಕೇಡು ಸುಳ್ಳುಸಾಕ್ಷಿಯ ತಲೆಯ ಮೇಲೆಯೇ ಬರಬೇಕೆಂದು ವಿಧಿಸಿತು.

ಮೂರನೆಯದು: ಅಧಿಕಾರದಲ್ಲಿರುವವರು ತಪ್ಪನ್ನು ಒಪ್ಪಿಕೊಳ್ಳುವದು ನ್ಯಾಯಕ್ಕೆ ಅವಮಾನವಲ್ಲ, ಮಾನ. ಎವಾನ್ಸನನ್ನು ಉಳಿಸಬೇಕೋ ಬೇಡವೋ ಎಂಬ ಕಾಗದವು ಮೇಜಿಗೆ ಬಂದಾಗ, ಕಾನೂನು ತನ್ನ ದಾರಿಯಲ್ಲಿ ನಡೆಯಲಿ ಎಂದು ನಿರ್ಣಯಿಸಿದ ಗೃಹಮಂತ್ರಿಯು ಚೂಟರ್ ಈಡ್ ಎಂಬವನು. ಅವನೇ 1955ನೇ ಇಸವಿಯಲ್ಲಿ ಪಾರ್ಲಿಮೆಂಟಿನಲ್ಲಿ ಎದ್ದು, ಈ ಮೊಕದ್ದಮೆಯಲ್ಲಿ ತಪ್ಪಾಯಿತೆಂದು ಹೇಳಿ ಮರಣದಂಡನೆಗೆ ವಿರೋಧಿಯಾದನು. 1965ರಲ್ಲಿ ಆ ದೇಶದವರು ಕೊಲೆಗಾಗಿ ಗಲ್ಲಿಗೆ ಹಾಕುವದನ್ನು ಐದು ವರುಷಗಳ ಮಟ್ಟಿಗೆ ನಿಲ್ಲಿಸಿ, 1969ರಲ್ಲಿ ಶಾಶ್ವತವಾಗಿ ತೆಗೆದುಬಿಟ್ಟರು. ಸೆರೆಮನೆಯ ಬಾಗಿಲನ್ನು ತಿರಿಗಿ ತೆರೆಯಬಹುದು; ಸಮಾಧಿಯನ್ನು ತೆರೆಯುವ ಅಧಿಕಾರವು ಯಾವ ರಾಣಿಯ ಕ್ಷಮಾಪಣೆಗೂ ಇಲ್ಲ.

ಸಹೋದರರೇ, ನಾವು ನ್ಯಾಯಾಧಿಪತಿಗಳಲ್ಲ, ನಮಗೆ ಇದರಿಂದೇನು ಎನ್ನಬೇಡಿರಿ. ಊರಿನಲ್ಲಿ ಒಂದು ಕಳವಾದರೆ, ಬಾವಿಯಲ್ಲಿ ಒಂದು ಶವ ತೇಲಿದರೆ, ಪೋಲೀಸರು ಬರುವದಕ್ಕೆ ಮುಂಚೆಯೇ ಜಗಲಿಯ ಮೇಲೆ ತೀರ್ಪು ಆಗಿಬಿಡುವದು. ಇಂಥವನೇ ಮಾಡಿದನು, ಅವನ ಮುಖವೇ ಹೇಳುತ್ತದೆ, ಅವನು ಮೊದಲೇ ಸುಳ್ಳುಗಾರನು ಎಂಬ ಮಾತುಗಳು ಮನೆಮನೆಗೆ ಹೋಗುವವು. ಎವಾನ್ಸನೂ ಸುಳ್ಳುಗಾರನೇ, ಸುಳ್ಳುಗಾರನಾಗಿರುವದು ಒಂದು ಪಾಪ, ಕೊಲೆಗಾರನಾಗಿರುವದು ಇನ್ನೊಂದು. ಒಂದರಿಂದ ಮತ್ತೊಂದನ್ನು ರುಜುವಾತು ಮಾಡುವವನು ನೆರೆಯವನ ರಕ್ತಕ್ಕೆ ಭಾಗಿಯಾಗುವನು. ಕಾಣದ್ದನ್ನು ಕಂಡೆನೆಂದು ಹೇಳಬೇಡಿರಿ. ಕಂಡದ್ದನ್ನು ಹೆದರಿಕೆಯಿಂದ ಬಚ್ಚಿಡಲೂ ಬೇಡಿರಿ. ಯಾಕಂದರೆ ನ್ಯಾಯಸ್ಥಾನಕ್ಕೆ ಬಾರದ ಕೆಲಸಗಾರರ ಮಾತು ಅಲ್ಲಿ ಕೇಳಿಬಂದಿದ್ದರೆ ಒಂದು ಪ್ರಾಣವು ಉಳಿಯುತ್ತಿತ್ತೋ ಏನೋ. ಮತ್ತು ಸತ್ತವರನ್ನು ಮರೆಯಬೇಡಿರಿ. ಈ ವಾದಗಳೆಲ್ಲಾ ಒಬ್ಬ ತಾಯಿಯ ಮತ್ತು ಮಾತು ಬಾರದ ಕೂಸಿನ ಪ್ರಾಣಗಳ ವಿಷಯವಾದವು. ತಪ್ಪಾದವನನ್ನು ದಂಡಿಸಿದರೆ ಅವರಿಗೆ ನ್ಯಾಯ ಸಿಕ್ಕಿದಂತಲ್ಲ, ನಿಜವಾದ ಕೊಲೆಗಾರನಿಗೆ ಬಾಗಿಲು ತೆರೆದುಕೊಟ್ಟಂತೆ. ಎವಾನ್ಸನು ಸತ್ತ ಮೇಲೆ ಕ್ರಿಸ್ಟಿಯ ಕೈಯಿಂದ ಇನ್ನೂ ನಾಲ್ವರು ಹೆಂಗಸರು ಸತ್ತರೆಂಬದನ್ನು ಮನಸ್ಸಿಗೆ ತಂದುಕೊಳ್ಳಿರಿ.

ನಮ್ಮ ಕರ್ತನಾದ ಯೇಸುವೂ ಸುಳ್ಳುಸಾಕ್ಷಿಗಳ ಎದುರಿನಲ್ಲಿ ನಿಂತನು. ಅವರ ಸಾಕ್ಷಿಗಳು ಒಂದಕ್ಕೊಂದು ಸರಿಬೀಳಲಿಲ್ಲವೆಂದು ಮಾರ್ಕನು ಬರೆದಿದ್ದಾನೆ. ಆದರೂ ತೀರ್ಪು ಆಯಿತು, ಯಾಕಂದರೆ ಕೂಡಿದವರಿಗೆ ವಿಚಾರಣೆಗಿಂತ ತೀರ್ಪೇ ಬೇಕಾಗಿತ್ತು. ಆತನ ಹೆಸರನ್ನು ಧರಿಸಿದ ನಾವು ಆ ಗುಂಪಿನಲ್ಲಿ ಸೇರಬಾರದು. ನಮಗೆ ತಿಳಿಯದ್ದನ್ನು ತಿಳಿಯದೆಂದು ಹೇಳುವ ದೀನತ್ವವನ್ನೂ ತಿಳಿದದ್ದನ್ನು ಸತ್ಯವಾಗಿ ಹೇಳುವ ಧೈರ್ಯವನ್ನೂ ಹೃದಯಗಳನ್ನು ಶೋಧಿಸುವ ದೇವರು ನಮ್ಮ ಸಭೆಗಳಲ್ಲಿ ಪ್ರತಿಯೊಬ್ಬರಿಗೂ ದಯಪಾಲಿಸಲಿ. ಆಮೆನ್.