ಆಹಾರಶುದ್ಧಿಯೂ ಮನಶ್ಶುದ್ಧಿಯೂ

ದೇಹವು ನಶ್ವರವೆಂಬ ಮಾತನ್ನು ಕೇಳಿದವರಲ್ಲಿ ಕೆಲವರು ಅದರ ಆರೈಕೆಯನ್ನೇ ಹೀನವೆಂದು ಬಗೆಯುವುದುಂಟು. ಮತ್ತೆ ಕೆಲವರಿಗೆ ನಾಲಗೆಯ ರುಚಿಯೇ ಪರಮಾರ್ಥ. ಶರಣರ ಮಾರ್ಗವು ಇವೆರಡರಿಂದಲೂ ಭಿನ್ನವಾದುದು. ಅವರ ದೃಷ್ಟಿಯಲ್ಲಿ ಕಾಯವು ಲಿಂಗಕ್ಕೆ ನೆಲೆ. ಅನ್ನವು ಲಿಂಗಾರ್ಪಿತವಾದ ಬಳಿಕ ಪ್ರಸಾದ. ಷಟ್‌ಸ್ಥಲಗಳಲ್ಲಿ ಮೂರನೆಯದಕ್ಕೆ ಪ್ರಸಾದಿಸ್ಥಲವೆಂದೇ ಹೆಸರು. ಹಾಗಾದರೆ ಉಣ್ಣುವ ಕ್ರಮವು ಕೇವಲ ಹೊಟ್ಟೆಯ ವಿಷಯವೋ, ಧರ್ಮದ ವಿಷಯವೋ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ನೀರನ್ನು ಮಾತ್ರ ಕುಡಿದಿರಲು ಹೇಳುತ್ತಾನೆ. ಆ ಬಳಿಕ ಕಲಿತ ವೇದವೇ ಆತನ ನೆನಪಿಗೆ ಬಾರದಾಯಿತು. ಉಂಡ ಮೇಲೆ ಎಲ್ಲವೂ ಮರಳಿ ಹೊಳೆಯಿತು. ಮನಸ್ಸು ಅನ್ನವನ್ನು ಆಶ್ರಯಿಸಿದೆ ಎಂಬುದೇ ಇದರ ತಾತ್ಪರ್ಯ. ಹಸಿದ ಮನಸ್ಸಿಗೆ ಶಾಸ್ತ್ರವು ಹಿಡಿಯದಂತೆ ಅತಿಯಾಗಿ ಉಂಡ ಮನಸ್ಸಿಗೂ ಹಿಡಿಯದು. ಆದುದರಿಂದಲೇ ಚರಕಸಂಹಿತೆಯು ಜಠರದಲ್ಲಿ ಒಂದು ಭಾಗವನ್ನು ಘನಾಹಾರಕ್ಕೂ ಒಂದು ಭಾಗವನ್ನು ದ್ರವಕ್ಕೂ ಮೀಸಲಿಟ್ಟು, ಮೂರನೆಯ ಭಾಗವನ್ನು ವಾತಪಿತ್ತಕಫಗಳ ಸಂಚಾರಕ್ಕೆ ಬಿಡಬೇಕೆಂದು ವಿಧಿಸಿದೆ.

ಶಹಾಪುರದ ಸೀಮೆಯನ್ನೇ ನೋಡಬಹುದು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ, ಮಜ್ಜಿಗೆ ಇವು ಇಲ್ಲಿನ ಒಕ್ಕಲಿನ ಊಟ. ಹೊಲದವರೆಗಿನ ನಡಿಗೆಯೇ ವ್ಯಾಯಾಮ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟೆಯು ಪೂರ್ಣಗೊಂಡಿತು. ಕಾಲುವೆಗಳ ಮೂಲಕ ಕೃಷ್ಣೆಯ ನೀರು ಈ ಸೀಮೆಗೆ ಹರಿದು, ಭತ್ತದ ಗದ್ದೆಗಳು ಹಬ್ಬಿದವು. ಮಳೆಯನ್ನೇ ನಂಬಿದ್ದ ನೆಲಕ್ಕೆ ಅದು ದೊಡ್ಡ ಉಪಕಾರವೇ ಸರಿ. ಆದರೆ ತವುಡು ಕಳೆದು ಹೊಳಪುಗೊಳಿಸಿದ ಅಕ್ಕಿಯಲ್ಲಿ ನಾರೂ ಬಿ ಜೀವಸತ್ತ್ವಗಳೂ ಕಡಿಮೆ. ಉಣಿಸು ಬದಲಾದಂತೆ ದುಡಿಮೆಯೂ ಬದಲಾಯಿತು. ಯಂತ್ರಗಳು ಬಂದು ಮೈಮುರಿವ ಕೆಲಸ ತಗ್ಗಿದರೂ ತಟ್ಟೆಯ ಅಳತೆ ತಗ್ಗಲಿಲ್ಲ. ಭಾರತದ ವಯಸ್ಕರಲ್ಲಿ ನೂರಕ್ಕೆ 11.4ರಷ್ಟು ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದೆ. ಈ ವ್ಯಾಧಿಯುಳ್ಳವರಲ್ಲಿ ಮನದ ಖಿನ್ನತೆಯೂ ಹೆಚ್ಚೆಂಬುದು ವೈದ್ಯರ ಅನುಭವ. ನಿದ್ದೆಗೆಟ್ಟವನಿಗೆ ಸಿಡುಕು ಹೆಚ್ಚುವುದನ್ನು ಯಾರೂ ಬಲ್ಲರು. ಊಟದೊಡನೆಯೇ ಚಹಾ ಕುಡಿದರೆ ಸೊಪ್ಪುಕಾಳುಗಳಲ್ಲಿಯ ಕಬ್ಬಿಣದ ಅಂಶವು ಮೈಗೆ ಸರಿಯಾಗಿ ಹತ್ತದು. ರಕ್ತ ಕುಂದಿದವರಿಗೆ ದಣಿವು, ಮರೆವು, ಬೇಸರಗಳು ಬೆನ್ನುಹತ್ತುತ್ತವೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಮಿತಾಹಾರದ ಬೋಧೆಯು ತುಂಬಿದ ಹೊಟ್ಟೆಯವರಿಗೆ ಸಲ್ಲುವುದು. ಎರಡು ಹೊತ್ತಿನ ರೊಟ್ಟಿಗೆ ಕೂಲಿಯನ್ನು ನಂಬಿದವರಿಗೆ ಅದರಿಂದ ಆಗುವುದೇನು? ಎಲ್ಲರಿಗೂ ಬಡಿಸಿ, ಕಡೆಗೆ ಉಳಿದುದನ್ನುಂಡು ಏಳುವ ಗೃಹಿಣಿಗೆ ಮಿತವನ್ನು ಬೋಧಿಸುವುದು ನ್ಯಾಯವೇ? ಈ ಆಕ್ಷೇಪವು ಸತ್ಯವಾದುದು. ಇದಕ್ಕೆ ಉತ್ತರವು ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಲ್ಲಿದೆ. ಪತಿಯಾದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಅದನ್ನು ಒಪ್ಪದೆ, ಮರಳಿ ಸುರಿದು ಬರಲು ಹೇಳಿದಳು. ಅಗತ್ಯವನ್ನು ಮೀರಿದುದು ತನ್ನದಲ್ಲವೆಂಬುದು ಆ ತಾಯಿಯ ನಿರ್ಣಯ. ಹೀಗೆ ನೋಡಿದರೆ ಉಳ್ಳವನ ಮಿತವೂ ಇಲ್ಲದವನ ತೃಪ್ತಿಯೂ ಒಂದೇ ಧರ್ಮದ ಎರಡು ಮುಖಗಳು. ಮಠದ ಪಂಕ್ತಿಯಲ್ಲಿ ಸಮನಾಗಿ ಬಡಿಸಿ, ಮನೆಯಲ್ಲಿ ಸೊಸೆಗೆ ತಳದ ಸಾರನ್ನು ಉಳಿಸುವವನು ದಾಸೋಹವನ್ನು ಅರಿತವನಲ್ಲ.

ಇನ್ನೊಂದು ಎಚ್ಚರವೂ ಅವಶ್ಯಕ. ರೋಗವು ಬಂದವನನ್ನು ಪಾಪಿಯೆಂದು ಹಳಿಯಲಾಗದು. ವ್ಯಾಧಿಗೆ ಕಾರಣಗಳು ಅನೇಕ. ಮನೋವ್ಯಾಧಿಗೆ ಪಥ್ಯವೊಂದೇ ಸಾಲದು, ವೈದ್ಯನೂ ಬೇಕು. ತನ್ನ ತಟ್ಟೆಯ ಶುದ್ಧಿಯನ್ನು ಹೇಳಿಕೊಂಡು ಪರರ ತಟ್ಟೆಯನ್ನು ಹೀಗಳೆಯುವವನ ಅನ್ನವು ಅಹಂಕಾರದಿಂದಲೇ ಮೈಲಿಗೆಯಾಗುವುದು.

ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಮೈಗೆ ಕಾಯಕ, ತಟ್ಟೆಯಲ್ಲಿ ಮತ್ತೆ ಜೋಳದ ರೊಟ್ಟಿಯೂ ಸೊಪ್ಪೂ. ಎಲ್ಲಕ್ಕೂ ಮಿಗಿಲಾಗಿ, ಬಡಿಸುವವಳೂ ಕೂಡಿ ಕುಳಿತು ಉಣ್ಣುವ ಪಂಕ್ತಿ. ಇದು ನೆಲೆಗೊಂಡ ಮನೆಯಲ್ಲಿ ಪದಾರ್ಥವು ಪ್ರಸಾದವಾಗುವುದು. ಕಾಯವೂ ಮನವೂ ಪ್ರಸನ್ನವಾಗಿರುವುವು.